ವಕ್ಕಲೇರಿಯ ದೀರ್ಘ

ನಮ್ಮ ಆಫೀಸಿನ ಅಕ್ಕ ತೀರಿಕೊಂಡ ಸುದ್ದಿಯನ್ನು ನಾನು ಕಂಪ್ಯೂಟರ್ ಲೋಕದ ಪರ್ಲ್ ಬಳಗದವರ ಚಾಟ್ ರೂಮಿಗೆ ಹಾಕಿದಾಗ ಎಲ್ಲೆಲ್ಲಿಂದಲೋ ಜನ ಬರೆದರು. ಬರೆದವರಲ್ಲಿ ಒಬ್ಬರೂ ಅವರ ಮುಖ ನೋಡಿದವರಲ್ಲ. ಆಕೆ ಎಂಥವರು, ಎಲ್ಲಿ ಓದಿದವರು, ನಿಮ್ಮ ಕೋಲಾರ ಎಲ್ಲಿದೆ, ಸ್ವಲ್ಪ ಬರೆದು ಕಳಿಸಿ, ನಮ್ಮ ಪುಟದಲ್ಲಿ ಹಾಕುತ್ತೇವೆ ಎಂದರು. ನಾನು ಇಂಗ್ಲಿಷಿನಲ್ಲಿ ಕಾಲು ಪುಟ ಬರೆದು ಕಳಿಸಿದೆ. ಆಮೇಲೆ ಓದಿ ನೋಡಿದರೆ ಯಾರೋ ಬ್ಯಾಂಕ್ ಮ್ಯಾನೇಜರಿಗೆ ನಿವೃತ್ತಿಯ ದಿನ ಕೊಡುವ ಅಭಿನಂದನಾ ಪತ್ರದ ಥರ ಇತ್ತು. ಕಷ್ಟಸಹಿಷ್ಣು, ಮೃದುಭಾಷಿ, ಏನೇನೋ. ಮೃದುಭಾಷಿಯಂತೆ, ಮೃದುಭಾಷಿ! ನನಗೇ ಸಿಟ್ಟು ಬಂತು. ಅದಕ್ಕೆ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. ತಾವು ಮಾಡಿದ ಯಾವ ಕೆಲಸದ ಕೆಳಗೂ ಅವರು ಹೆಸರು ಹಾಕಿದವರಲ್ಲ. ನಾನು ಹಾಕಿದರೆ ಎಲ್ಲಿದ್ದರೂ ಅಲ್ಲಿಂದಲೇ ಬೈದಾರು.

ನಮ್ಮ ಆಫೀಸು ಕೋಲಾರದ ಕ್ಲಾಕ್ ಟವರ್ ಹತ್ತಿರ, ಪಶು ಆಹಾರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಬೂಸಾ, ಹಿಂಡಿಯ ವಾಸನೆ ದಿನವಿಡೀ ಮೇಲಕ್ಕೆ ಬರುತ್ತದೆ. ಅಲ್ಲಿ ಇದ್ದದ್ದು ನಾವಿಬ್ಬರೇ. ಅಕ್ಕ ಮುಳಬಾಗಿಲಿನವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಮಾಲೂರಿನವನು. ಹಾಗಾಗಿ ಅವರ ಬಾಯಲ್ಲಿ ನನಗೆ ಹೆಸರೇ ಇರಲಿಲ್ಲ, 'ಲೋ ಮಾಲೂರು' ಅಷ್ಟೇ. ಸುತ್ತಲಿನ ಹಳ್ಳಿಗಳ ಹೈನುಗಾರರು ಸೇರಿ ಕಟ್ಟಿಕೊಂಡ ಒಂದು ಸಂಘಕ್ಕೆ ನಾವು ಕೆಲಸ ಮಾಡುತ್ತಿದ್ದೆವು. ಸಂಘಕ್ಕೆ ತನ್ನದೇ ಕೆಲವು ಪಶುವೈದ್ಯರು, ಊರೂರಿಗೊಬ್ಬ ಸೆಕ್ರೆಟರಿ. ಹಸುವಿಗೆ ಏನಾದರೂ ಆದರೆ ಊರಿನಿಂದ ಒಂದು ಕೋರಿಕೆ ಬರಬೇಕು, ಅದು ಆ ಭಾಗದ ಡಾಕ್ಟರ ಫೋನಿಗೆ ಸರದಿಯ ಪ್ರಕಾರ ಹೋಗಬೇಕು. ಈ ವೆಬ್ ಅಪ್ಲಿಕೇಶನ್ನನ್ನು ಅಕ್ಕ ಒಬ್ಬರೇ ಕಟ್ಟಿದ್ದರು. ಅದರ ಹೆಸರೂ 'ಸರದಿ' ಎಂದೇ.

ಅದಕ್ಕೆ ಮೊದಲು ಹೇಗಿತ್ತು ಎಂದರೆ, ಯಾರ ಹತ್ತಿರ ಡಾಕ್ಟರ ನಂಬರ್ ಇದೆಯೋ ಅವರ ಹಸುವಿಗೆ ಮೊದಲ ಚಿಕಿತ್ಸೆ. ಸಂಘದ ಅಧ್ಯಕ್ಷರ ಭಾವಮೈದುನನ ಎಮ್ಮೆ ಸೀನಿದರೂ ಜೀಪು ಹೋಗುತ್ತಿತ್ತು. ಅಕ್ಕ ಇದಕ್ಕೆ ಒಂದೇ ನಿಯಮ ಬರೆದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ ನನಗೂ ಹೇಳಿಕೊಟ್ಟರು.

"ನೋಡೋ ಮಾಲೂರು, ಕೂಗಿದೋರು ಯಾರು ಅಂತ ಕೇಳ್ಬೇಡ. ಹಸು ಹೆಂಗಿದೆ ಅಂತ ಕೇಳು. ಕರು ಸಿಕ್ಕಾಕೊಂಡಿರೋದು ಮೊದಲು, ಹೊಟ್ಟೆ ಉಬ್ಬರ ಆಮೇಲೆ, ಮೇವು ಬಿಟ್ಟಿರೋದು ಅದರ ಹಿಂದೆ. ಎರಡು ಒಂದೇ ಥರ ಇದ್ರೆ ಮೊದಲು ಕೇಳಿದೋರಿಗೆ. ಯಾರು ಮೊದಲು ಅನ್ನೋ ಲೆಕ್ಕದಲ್ಲಿ ಮನುಷ್ಯರ ಹೆಸರು ಎಲ್ಲೂ ಬರಲ್ಲ. ಅಷ್ಟೇ ಪ್ರೋಗ್ರಾಮು."

ಅಷ್ಟೇ ಪ್ರೋಗ್ರಾಮನ್ನು ಅವರು ಬರೆದದ್ದು ಪರ್ಲಿನಲ್ಲಿ. ಪರ್ಲ್ ಎನ್ನುವುದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿ ಒಂದು, ಹಳೆಯದು. ಸಾಲು ಸಾಲಿಗೂ ಡಾಲರ್ ಚಿಹ್ನೆ, ಪರ್ಸೆಂಟ್ ಚಿಹ್ನೆ. ಗೊತ್ತಿಲ್ಲದವರು ನೋಡಿದರೆ ಕೀಬೋರ್ಡಿನ ಮೇಲೆ ಕೋಳಿ ಓಡಾಡಿದ ಹಾಗೆ ಕಾಣುತ್ತದೆ. ಅದರಲ್ಲಿ ವೆಬ್ ಅಪ್ಲಿಕೇಶನ್ ಕಟ್ಟಲು ಬೇಕಾದ ಸಾಮಾನೆಲ್ಲ ಹೊಂದಿಸಿಟ್ಟ ಒಂದು ಫ್ರೇಮ್‌ವರ್ಕ್ ಇದೆ. ಯಾರ ಸಂಬಳವೂ ಇಲ್ಲದೆ ಲೋಕದ ಮೂಲೆಮೂಲೆಯ ಜನ ಸೇರಿ ಅದನ್ನು ಕಟ್ಟಿ ಕಾಪಾಡುತ್ತಾರೆ. ನಾನು ಹೊಸ ಹೊಸ ಭಾಷೆ ಕಲಿತು ಬಂದವನು, ನನಗೆ ಇದೆಲ್ಲ ನಗು. "ಅಕ್ಕ, ಈ ಕಾಲದಲ್ಲಿ ಪರ್ಲಾ? ಮ್ಯೂಸಿಯಮ್ಮಿಗೆ ಕೊಡೋಣ ಕಣಕ್ಕ" ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಿನ್ನ ಹೊಸ ಭಾಷೇಲಿ ಬರೆದಿದ್ದು ಹೋದ ವರ್ಷದ್ದು ಈ ವರ್ಷ ಓಡುತ್ತಾ?"

ಓಡುತ್ತಿರಲಿಲ್ಲ.

ಅಕ್ಕ ಕೆಲಸಕ್ಕೆ ಕೂರುವ ಮುಂಚೆ ಬಲಗೈಯ ಬಳೆಗಳನ್ನು ತೆಗೆದು ನೀರಿನ ಲೋಟದ ಪಕ್ಕ ಇಡುತ್ತಿದ್ದರು. ಬಳೆ ತೆಗೆದರು ಎಂದರೆ ನಾನು ಬಾಯಿ ಮುಚ್ಚಬೇಕು. ಮತ್ತೆ ಹಾಕಿಕೊಂಡರೆ ಕಾಫಿ. ಜನರೊಂದಿಗೆ ಕನ್ನಡ, ಪರ್ಲ್ ಬಳಗದೊಂದಿಗೆ ಇಂಗ್ಲಿಷು, ಕಂಪ್ಯೂಟರಿನೊಂದಿಗೆ ಮಾತ್ರ ತೆಲುಗು. "ನೀಕೇಮೈಂದಿರಾ?" ಎಂದು ಅದನ್ನು ಗದರಿಸುತ್ತಿದ್ದರು. ನಿನಗೇನಾಯ್ತೋ ಎಂದು ಹಾಗೆ ಗದರಿಸಿದ ಮೇಲೆ ಅದು ಎಷ್ಟೋ ಸಲ ಸರಿಯಾಗಿಯೂ ಬಿಡುತ್ತಿತ್ತು. ನಾನು ಕನ್ನಡದಲ್ಲಿ ಎಷ್ಟು ಬೈದರೂ ಕೇಳುತ್ತಿರಲಿಲ್ಲ. ಪ್ರೋಗ್ರಾಮಿನ ನಡುವೆ, ಯಂತ್ರ ಓದದ ಟಿಪ್ಪಣಿ ಸಾಲುಗಳಲ್ಲಿ, ಕನ್ನಡದಲ್ಲೇ ಬರೆದಿಡುತ್ತಿದ್ದರು. 'ಇಲ್ಲಿ ಕೈ ಹಾಕಬೇಡ. ಹಾಕಿದರೆ ಸರಿ ಮಾಡುವವನು ನೀನೇ.' ಯಾರಿಗೆ ಹೇಳಿದ್ದು ಎಂದು ಕೇಳಬೇಕೇ? ಆಫೀಸಿನಲ್ಲಿ ಇದ್ದವನು ನಾನೊಬ್ಬನೇ.

ಬಳಗದವರೊಂದಿಗೆ ಅವರ ಸಂಬಂಧ ಒಂದು ಬಗೆಯ ನೆಂಟಸ್ತನ. ಆ ಫ್ರೇಮ್‌ವರ್ಕಿನ ಹಿರಿಯನೊಬ್ಬನ ಫೋಟೋದಲ್ಲಿ ಎದೆಯವರೆಗೆ ಗಡ್ಡ ಇತ್ತು. ಅವನು ಅಕ್ಕನ ಲೆಕ್ಕದಲ್ಲಿ 'ಗಡ್ಡದ ಮಾಮ'. ಯಾವ ದೇಶದವನೋ, ಪಾಪ, ತನಗೆ ಮುಳಬಾಗಿಲಿನಲ್ಲಿ ಒಬ್ಬಳು ಸೊಸೆ ಇದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಾವಿನ ಕಾಲ ಬಂದರೆ ಅಕ್ಕ ಚಾಟ್ ರೂಮಿನಲ್ಲಿ ಬರೆಯುತ್ತಿದ್ದರು, ನಮ್ಮ ಶ್ರೀನಿವಾಸಪುರದಲ್ಲಿ ಹಣ್ಣು ಬಂದಿದೆ, ಮನೆ ತುಂಬ ನೆಂಟರು, ಉತ್ತರ ತಡವಾಗುತ್ತದೆ ಎಂದು. ಅವರೆಲ್ಲ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡು, ಹಣ್ಣು ಮುಗಿದ ಮೇಲೆ ನೋಡೋಣ ಎಂದು ಕಾಯುತ್ತಿದ್ದರು. ಹೊಸಬರು ಯಾರಾದರೂ ದಡ್ಡ ಪ್ರಶ್ನೆ ಕೇಳಿ, ಬಲ್ಲವರು ಅವರನ್ನು ಕುಟುಕಿದರೆ ಅಕ್ಕನಿಗೆ ತಡೆಯುತ್ತಿರಲಿಲ್ಲ. ಕುಟುಕಿದವರಿಗೆ ಏನೂ ಹೇಳುತ್ತಿರಲಿಲ್ಲ. ಕೇಳಿದವರಿಗೆ ಉದ್ದನೆಯ ಉತ್ತರ ಬರೆಯುತ್ತಿದ್ದರು. "ಪರ್ಲ್ ಕಲಿಯೋಕೆ ಯಾರೂ ಬರ್ತಿಲ್ಲ ಅಂತ ಅಳೋರೂ ಇವರೇ, ಬಂದೋರ ಮೂತಿಗೆ ಹೊಡೆಯೋರೂ ಇವರೇ" ಎಂದು ನನಗೆ ಹೇಳುತ್ತಿದ್ದರು.

ಸರದಿ ಚೆನ್ನಾಗಿ ನಡೆಯುತ್ತಿತ್ತು. ಮೊದಮೊದಲು ಸೆಕ್ರೆಟರಿಗಳು ನಮಗೆ ಫೋನ್ ಮಾಡುತ್ತಿದ್ದರು, ನಾವು ಇಲ್ಲಿ ಕೂತು ಟೈಪ್ ಮಾಡುತ್ತಿದ್ದೆವು. ಆಮೇಲೆ ಊರೂರಿನಲ್ಲೇ ಕಂಪ್ಯೂಟರ್ ಬಂದು, ಅವರೇ ನೇರವಾಗಿ ಬರೆಯತೊಡಗಿದರು. ಎಡವಟ್ಟಾದದ್ದು ಅಲ್ಲಿಂದ.

ಒಂದು ಬೆಳಿಗ್ಗೆ ವಕ್ಕಲೇರಿಯಿಂದ ಒಬ್ಬ ಹೆಂಗಸು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕಾಲಿನಲ್ಲಿ ಸಗಣಿ ಒಣಗಿತ್ತು. ಕೂರಮ್ಮ ಎಂದರೆ ಕೂರಲಿಲ್ಲ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ, ಜಗಳವನ್ನೂ ಆಡಲಿಲ್ಲ.

"ನಮ್ಮೂರು ನಿಮ್ಮ ಕಂಪ್ಯೂಟರಲ್ಲಿ ಇಲ್ವಾ ತಾಯಿ?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಪರದೆ ತೋರಿಸಿದರು. "ಇದೆಯಲ್ಲಮ್ಮ, ನೋಡಿ, ವಕ್ಕಲೇರಿ."

"ಇದ್ರೆ ಡಾಕ್ಟ್ರು ಯಾಕೆ ಬರ್ಲಿಲ್ಲ? ಕರು ಅಡ್ಡ ಸಿಕ್ಕೊಂಡಿತ್ತು. ಸೆಕ್ರೆಟ್ರಿ ನನ್ನ ಮುಂದೇನೇ ಬರ್ದ. ಕಾದೆ, ಕಾದೆ. ಹಸು ನನ್ನೇ ನೋಡ್ತಾ ಪ್ರಾಣ ಬಿಡ್ತು."

ಅಷ್ಟು ಹೇಳಿ ಆಯಮ್ಮ ಮೆಟ್ಟಿಲು ಇಳಿದು ಹೋದರು. ಅಕ್ಕ ಬಳೆ ತೆಗೆದಿಟ್ಟರು. ಹುಡುಕಿದಾಗ ಆ ಕೋರಿಕೆ ಸಿಕ್ಕಿತು. ಊರು ಯಾವುದೆಂದು ಯಂತ್ರಕ್ಕೆ ತಿಳಿಯದಿದ್ದರೆ ಕೋರಿಕೆಗಳು ಹೋಗಿ ಬೀಳುವ ಒಂದು ಮೂಲೆ ಇತ್ತು, 'ಗೊತ್ತಿಲ್ಲದ ಊರು' ಎಂದು ಅದರ ಹೆಸರು. ಅಲ್ಲಿ ವಕ್ಕಲೇರಿ ಬಿದ್ದಿತ್ತು. ಅದರ ಜೊತೆ ಇನ್ನೂ ಎಷ್ಟೋ. ನಮ್ಮ ಊರುಗಳ ಪಟ್ಟಿಯ ವಕ್ಕಲೇರಿಯನ್ನೂ ಅಲ್ಲಿಂದ ಬರೆದು ಕಳಿಸಿದ ವಕ್ಕಲೇರಿಯನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆವು. ಕಣ್ಣಿಗೆ ಎರಡೂ ಒಂದೇ. ಯಂತ್ರವನ್ನು ಕೇಳಿದರೆ, ಬೇರೆ ಬೇರೆ ಎನ್ನುತ್ತದೆ. ಆವನಿಯಿಂದ ಬಂದದ್ದು ಸರಿಯಾಗಿ ಹೋಗಿದೆ, ಕ್ಯಾಲನೂರಿನದು ಹೋಗಿದೆ, ವಕ್ಕಲೇರಿಯದು ಮಾತ್ರ ಇಲ್ಲ. ನಾನಂತೂ ತಲೆ ಕೆರೆದುಕೊಂಡೆ. ಅಕ್ಕ ತೆಲುಗಿನಲ್ಲೂ ಬಯ್ಯಲಿಲ್ಲ.

ಮಾರನೆಯ ದಿನ ಇಬ್ಬರೂ ವಕ್ಕಲೇರಿಗೆ ಹೋದೆವು. ಅಲ್ಲಿನ ಸೆಕ್ರೆಟರಿ ನಡುವಯಸ್ಸಿನ ಮನುಷ್ಯ, ನಮ್ಮನ್ನು ನೋಡಿಯೇ ಬೆವರಿದ. ಕೆಲಸ ಹೋಗುತ್ತದೆ ಎಂದು ಅವನಿಗೆ ಭಯ. ಅಕ್ಕ ಅವನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಅಣ್ಣ, ನಿಮ್ಮೂರ ಹೆಸರು ಬರೀರಿ. ನಿಧಾನ. ಬರೀತಾ ಬರೀತಾ ಏನು ಮಾಡ್ತೀರೋ ಬಾಯಲ್ಲೂ ಹೇಳಿ."

"ವ ಹಾಕ್ದೆ ಮೇಡಂ. ಕ, ಅದಕ್ಕೆ ಒತ್ತು. ಆಮೇಲೆ ಲ, ಅದಕ್ಕೆ ಎತ್ವ, ಲೆ ಆಯ್ತು. ಈಗ ದೀರ್ಘ ಎಳೀತೀನಿ, ಲೇ ಆಯ್ತು. ಆಮೇಲೆ ರಿ."

"ದೀರ್ಘ ಬೇರೆ ಎಳೀತೀರಾ?"

"ಹೂಂ ಮೇಡಂ. ನಾವು ಟೈಪಿಂಗ್ ಕಲ್ತಿದ್ದೇ ಹಂಗೆ. ಕೈಲಿ ಬರೆಯೋವಾಗ್ಲೂ ದೀರ್ಘ ಕೊನೇಲಿ ತಾನೆ ಎಳೆಯೋದು?"

ಅಕ್ಕ ನನ್ನ ಮುಖ ನೋಡಿದರು. ಸಂಗತಿ ಇಷ್ಟೇ. ನಮ್ಮ ಪಟ್ಟಿಯಲ್ಲಿ 'ಲೇ' ಎನ್ನುವುದರ ಸ್ವರ ಒಂದೇ ಇಡಿಯ ಗುರುತಾಗಿ ಕೂತಿತ್ತು. ಅವನು ಹಳೆಯ ಅಭ್ಯಾಸದಂತೆ ಬರೆದದ್ದರಲ್ಲಿ ಎತ್ವ ಬೇರೆ, ದೀರ್ಘ ಬೇರೆ, ಎರಡು ಗುರುತು. ಓದುವ ಮನುಷ್ಯನಿಗೆ ಎರಡೂ ವಕ್ಕಲೇರಿಯೇ. ಯಂತ್ರ ಗುರುತುಗಳನ್ನು ಒಂದೊಂದಾಗಿ ಹೋಲಿಸುತ್ತದೆ, ಅದಕ್ಕೆ ಎರಡು ಬೇರೆ ಊರು. ಆ ಒಂದು ದೀರ್ಘಕ್ಕೆ ಒಂದು ಹಸು ಹೋಗಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ.

"ಪಟ್ಟಿಯಿಂದ ಆರಿಸ್ಕೊಳ್ಳಿ ಅಂತ ಮಾಡ್ಬಿಡೋಣಕ್ಕ, ಟೈಪ್ ಮಾಡೋ ತಾಪತ್ರಯಾನೇ ಬೇಡ" ಎಂದೆ.

"ಊರನ್ನ ಆರಿಸ್ತಾರೆ. ಹಸು ಯಾರ್ದು ಅಂತ ಬರೆಯೋ ಹೆಸರನ್ನ? ಲೋಕೇಶ, ವೆಂಕಟೇಶ, ರಮೇಶ, ಇವರೆಲ್ಲ ಎಲ್ಲಿಗೋ ಹೋಗ್ಬೇಕು? ನಮ್ಮ ಕಡೆ ದೀರ್ಘ ಇಲ್ಲದ ಗಂಡಸರು ಎಷ್ಟು ಜನ ಇದ್ದಾರೆ?"

ನಾನು ನಕ್ಕೆ. ಅವರು ನಗಲಿಲ್ಲ.

ಅದೇ ವಾರ ಸಂಘದ ಸಭೆ. ವಿಷಯ ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು. ಅಧ್ಯಕ್ಷರಿಗೆ ಸರದಿಯ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಆದರೂ ಆ ದಿನ ಅವರೇ ಒಂದು ದಾರಿ ತೋರಿಸಿದರು.

"ಏನಮ್ಮಾ, ಆ ಸೆಕ್ರೆಟ್ರಿ ತಪ್ಪು ಟೈಪ್ ಮಾಡಿದ್ದಾನೆ ತಾನೆ? ಹಂಗಂತ ಬರ್ಕೊಡು. ಅವನನ್ನ ತೆಗೆದು ಬೇರೆಯವನ್ನ ಹಾಕೋಣ. ನಿನ್ನ ಕಂಪ್ಯೂಟ್ರು ನಡೀಲಿ."

ನಾನು ಮೇಜಿನ ಕೆಳಗೆ ಅಕ್ಕನ ಕಾಲು ತುಳಿದೆ, ಹೂಂ ಅನ್ನಿ ಎಂದು. ಅವರು ಎದ್ದು ನಿಂತರು.

"ಅವರು ಸರಿಯಾಗೇ ಬರ್ದಿದ್ದಾರೆ ಸಾರ್. ತಪ್ಪು ನಂದು. ಅವರು ಬರೆದಿದ್ದನ್ನ ಓದೋಕೆ ನಾನು ಯಂತ್ರಕ್ಕೆ ಕಲಿಸಿರಲಿಲ್ಲ."

ಸಭೆಯಲ್ಲಿ ಗುಸುಗುಸು. ಅಧ್ಯಕ್ಷರ ಮುಖ ಗಂಟಾಯಿತು. "ಹಂಗಾದ್ರೆ ಇದು ಬೇಕಾರ್ ಅಂತ ನೀನೇ ಒಪ್ಕೊಂಡಂಗಾಯ್ತು. ನಿಲ್ಲಿಸಿಬಿಡಿ. ಮೊದಲಿನ ಥರ ಡಾಕ್ಟ್ರಿಗೆ ಫೋನ್ ಮಾಡ್ಕೊಳ್ಲಿ."

"ಡಾಕ್ಟ್ರ ನಂಬರ್ ನಿಮ್ಮ ಹತ್ರ ಇದೆ ಸಾರ್. ಹಸು ಕಳ್ಕೊಂಡ ಆಯಮ್ಮನ ಹತ್ರ ಇಲ್ಲ. ಮುಂದಿನ ಸಭೆವರೆಗೆ ಟೈಮ್ ಕೊಡಿ."

"ಆಯ್ತು ಕೂತ್ಕೋ, ಯೋಚ್ನೆ ಮಾಡೋಣ."

"ಕೊಟ್ಟೆ ಅನ್ನಿ, ಕೂತ್ಕೊಳ್ತೀನಿ."

ಅವರು ಅನ್ನಲಿಲ್ಲ, ಇವರು ಕೂರಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಪಶು ಆಹಾರದ ಮಾತು ಬಂತು, ಹೊಸ ಕಟ್ಟಡದ ಮಾತು ಬಂತು, ಬೋಂಡಾ ಕಾಫಿ ಬಂತು. ಅಕ್ಕ ನಿಂತೇ ಇದ್ದರು. ಕಾಫಿಯನ್ನೂ ನಿಂತೇ ಕುಡಿದರು. ಮಾತಾಡುವವರೆಲ್ಲ ಅವರ ಕಡೆ ಒಂದು ಸಲ ನೋಡಿ ಮಾತು ತಡವರಿಸತೊಡಗಿದರು. ಕೊನೆಗೆ ಆವನಿ ಕಡೆಯ ಹಿರಿಯ ಸದಸ್ಯರೊಬ್ಬರು, "ಕೊಟ್ಬಿಡ್ರಪ್ಪ ಅತ್ಲಾಗೆ, ಆಯಮ್ಮನ್ನ ನೋಡಿ ನನ್ನ ಕಾಲು ನೋಯ್ತಾ ಇದೆ" ಎಂದರು. ಎಲ್ಲರೂ ನಕ್ಕರು. ಅಧ್ಯಕ್ಷರು ಕೊಟ್ಟೆ ಎಂದರು. ಅಕ್ಕ ಕೂತರು. ಮುಂದಿನ ಸಭೆಯೊಳಗೆ ಒಂದೇ ಒಂದು ಕೋರಿಕೆ ಕಳೆದುಹೋದರೂ ಸರದಿ ಮುಚ್ಚಬೇಕು ಎಂದು ತೀರ್ಮಾನವಾಯಿತು.

ಅಕ್ಕ ಚಾಟ್ ರೂಮಿನಲ್ಲಿ ಕಷ್ಟ ಹೇಳಿಕೊಂಡರು. ಮೊದಲು ಉತ್ತರಿಸಿದವನು, ನಿಮ್ಮ ಜನರಿಗೆ ಸರಿಯಾದ ಕೀಬೋರ್ಡ್ ಬಳಸಲು ಹೇಳಿ ಎಂದ. ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಅಕ್ಕ ತಮ್ಮ ಸರಳ ಇಂಗ್ಲಿಷಿನಲ್ಲಿ ಬರೆದರು. ಒಬ್ಬ ಹೆಂಗಸು, ಅವಳದೊಂದು ಹಸು, ಅವಳ ಊರಿನ ಹೆಸರನ್ನು ಸರಿಯಾಗಿಯೇ ಬರೆದ ಒಬ್ಬ ಮನುಷ್ಯ, ಬಾರದ ಡಾಕ್ಟರು. ಅಷ್ಟೇ ಬರೆದು, ಈಗ ಹೇಳಿ, ಯಾರು ಬದಲಾಗಬೇಕು ಎಂದು ಕೇಳಿದರು. ಆಮೇಲೆ ಗಡ್ಡದ ಮಾಮ ಬಂದ. ಒಂದೇ ಅಕ್ಷರದ ಎರಡು ರೂಪಗಳನ್ನು ಒಂದು ಮಾಡುವ ಉಪಾಯ ಪರ್ಲಿನಲ್ಲಿ ಬಹಳ ಹಿಂದಿನಿಂದಲೇ ಇದೆ, ಬರಹ ಒಳಗೆ ಬರುವ ಬಾಗಿಲಲ್ಲೇ ಅದನ್ನು ಮಾಡಿಬಿಡಬೇಕು, ಆದರೆ ನಮ್ಮ ಫ್ರೇಮ್‌ವರ್ಕಿನ ಕೈಪಿಡಿಯಲ್ಲಿ ಯಾರೂ ಅದನ್ನು ಹೇಳಿಲ್ಲ, ತಪ್ಪು ನಮ್ಮದೂ ಇದೆ, ನೀವೇ ಬರೆದು ಕಳಿಸಿ ಎಂದ.

"ನೋಡ್ದೇನೋ, ಮಾಮ ಒಳ್ಳೆಯೋನು" ಎಂದರು ಅಕ್ಕ.

ಬರೆದು ಕಳಿಸಿದರು. ಜೊತೆಗೆ ಪರೀಕ್ಷೆಯ ಒಂದು ತುಣುಕನ್ನೂ ಕಳಿಸಬೇಕು, ಅದು ಬಳಗದ ರೂಢಿ. ಮುಂದೆ ಯಾರು ಏನು ಬದಲಿಸಿದರೂ ಈ ಗಂಟು ಮತ್ತೆ ಬೀಳಬಾರದು ಎಂದು ಕಾವಲು ಕೂರುವ ತುಣುಕು. ಅಕ್ಕ ಅದರಲ್ಲಿ ವಕ್ಕಲೇರಿ ಎಂದೇ ಬರೆದರು, ಎರಡೂ ಬಗೆಯಲ್ಲಿ. ಪರಿಶೀಲಿಸಿದವರೊಬ್ಬರು, ಕೆಲವರು ಪ್ರೋಗ್ರಾಮ್ ಬರೆಯುವ ಎಡಿಟರ್ ತಂತ್ರಾಂಶ ತಾನಾಗಿಯೇ ಎರಡನ್ನೂ ಒಂದು ಮಾಡಿಬಿಡಬಹುದು, ಅಕ್ಷರಗಳ ಬದಲು ಅವುಗಳ ಸಂಕೇತ ಸಂಖ್ಯೆ ಹಾಕಿ ಎಂದರು. ಮಾತು ನ್ಯಾಯವಾಗಿತ್ತು, ಅಕ್ಕ ಒಪ್ಪಿದರು. ಆದರೆ ಸಂಖ್ಯೆಯ ಪಕ್ಕದ ಟಿಪ್ಪಣಿಯಲ್ಲಿ ಊರಿನ ಹೆಸರು ಕನ್ನಡದಲ್ಲಿ ಇರಲೇಬೇಕು ಎಂದು ಹಟ ಹಿಡಿದರು. ಇರಲಿ ಬಿಡಿ ಎಂದರು ಅವರೂ. ಈಗಲೂ ಇದೆ.

ಅಷ್ಟಕ್ಕೆ ಅಕ್ಕ ಬಿಡಲಿಲ್ಲ. ಊರೂರಿಗೆ ಹೋಗಿ ಒಬ್ಬೊಬ್ಬ ಸೆಕ್ರೆಟರಿಯ ಪಕ್ಕದಲ್ಲೂ ಕೂತು, ಅವರವರ ಅಭ್ಯಾಸದಂತೆಯೇ ಬರೆಯಿಸಿದರು. ಒಬ್ಬರು ಹೆಸರಿನ ಹಿಂದೆ ಖಾಲಿ ಜಾಗ ಬಿಡುತ್ತಿದ್ದರು, ಇನ್ನೊಬ್ಬರು ಸೊನ್ನೆ ಅಂಕಿಯನ್ನೇ ಅನುಸ್ವಾರ ಮಾಡಿಕೊಂಡಿದ್ದರು. "ಅಯ್ಯೋ ರಾಮ" ಎಂದು ಅಕ್ಕ ಅನ್ನುತ್ತಿದ್ದರೇ ಹೊರತು ಒಬ್ಬರಿಗೂ ಹಾಗೆ ಬರೆಯಬೇಡಿ ಎಂದು ಹೇಳಲಿಲ್ಲ. ಎಲ್ಲವನ್ನೂ ಯಂತ್ರಕ್ಕೆ ಕಲಿಸಿದರು. ಮುಂದಿನ ಸಭೆಯಲ್ಲಿ ವಕ್ಕಲೇರಿಯ ಆ ಸೆಕ್ರೆಟರಿಯನ್ನೇ ಎಲ್ಲರ ಮುಂದೆ ಕೂರಿಸಿ, ದೀರ್ಘ ಎಳೆದೇ ಬರೆಯಿಸಿದರು. ಸಭೆಯ ಮೂಲೆಯಲ್ಲಿ ಕೂತಿದ್ದ ಡಾಕ್ಟರ ಜೇಬಿನಲ್ಲಿ ಫೋನು ಕೂಗಿತು. ಸೆಕ್ರೆಟರಿ ಅಕ್ಕನಿಗೆ ಕೈ ಮುಗಿದ. ಸರದಿ ಉಳಿಯಿತು. ಅಂದಿನಿಂದ ಅಕ್ಕ ಬೆಳಿಗ್ಗೆ ಆಫೀಸಿಗೆ ಬಂದವರೇ ಚೀಲ ಇಳಿಸುವ ಮುಂಚೆ 'ಗೊತ್ತಿಲ್ಲದ ಊರು' ಮೂಲೆಯನ್ನು ತೆರೆದು ನೋಡುತ್ತಿದ್ದರು. ಖಾಲಿ ಇದ್ದರೆ ಮಾತ್ರ ನನಗೆ ನಮಸ್ಕಾರ.

ಕಾಯಿಲೆ ಬಂದ ಮೇಲೂ ಮನೆಯಿಂದಲೇ ನೋಡುತ್ತಿದ್ದರು. ಅವರ ಯಜಮಾನರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನಾನು ಹೋದಾಗಲೆಲ್ಲ, "ನನ್ನನ್ನ ಒಂದು ಸಲ ನೋಡಿದ್ರೆ ಆ ಡಬ್ಬಾನ ಹತ್ತು ಸಲ ನೋಡ್ತಾಳಪ್ಪ ನಿಮ್ಮಕ್ಕ" ಎಂದು ದೂರುತ್ತಿದ್ದರು. ಅಕ್ಕ ಕೇಳಿಸದ ಹಾಗೆ ಟೈಪ್ ಮಾಡುತ್ತಲೇ ಇರುತ್ತಿದ್ದರು.

ಅವರು ಹೋದ ದಿನ ಮುಳಬಾಗಿಲಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬರುವವರೆಲ್ಲ ಬಂದಾಗಿತ್ತು. ಇನ್ನೇನು ಎತ್ತಬೇಕು ಎನ್ನುವಾಗ ನನ್ನ ಫೋನ್ ಹೊಡೆದುಕೊಂಡಿತು. ಶ್ರೀನಿವಾಸಪುರದ ಡಾಕ್ಟರು. ಬೆಳಿಗ್ಗೆಯಿಂದ ಒಂದೂ ಕೋರಿಕೆ ಬಂದಿಲ್ಲ, ಸರದಿ ನಿಂತುಹೋಗಿದೆಯೋ ಏನೋ ಎಂದರು. ನಾನು ಗೋಡೆಯ ಕಡೆ ತಿರುಗಿ, ಇವತ್ತೊಂದು ದಿನ ಹೇಗೋ ಸುಧಾರಿಸಿ ಸಾರ್ ಎಂದು ಪಿಸುಗುಟ್ಟುತ್ತಿದ್ದೆ. ಯಜಮಾನರು ಅಕ್ಕನ ತಲೆಯ ಹತ್ತಿರ ಕೂತಿದ್ದವರು ನನ್ನನ್ನೇ ನೋಡಿದರು.

"ಏನಪ್ಪಾ, ನಿಂತೋಗಿದೆಯಾ?"

"ಹೂಂ ಅಣ್ಣ. ಪರವಾಗಿಲ್ಲ, ಆಮೇಲೆ ನೋಡ್ತೀನಿ."

"ಒಳಗೆ ಹೋಗು. ಅವಳ ಟೇಬಲ್ಲು ಹಂಗೇ ಇದೆ."

"ಬೇಡಣ್ಣ, ಇವತ್ತು..."

"ಹೋಗಪ್ಪ. ಇವಳಿಗೆ ಇನ್ನೇನೂ ಅವಸರ ಇಲ್ಲ. ಅಲ್ಲಿ ಯಾವ ಹಸು ಒದ್ದಾಡ್ತಾ ಇದೆಯೋ."

ಹೊತ್ತಾಯಿತು ಎಂದು ಹಿರಿಯರೊಬ್ಬರು ಗೊಣಗಿದರು. ಯಜಮಾನರು ತಾಳಿ ಎಂದು ಅವರ ಕಡೆ ಕೈ ಎತ್ತಿದರು. ನಾನು ಒಳಗೆ ಹೋಗಿ ಕೂತೆ. ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ, ಒರೆಸಿಕೊಂಡು ಒರೆಸಿಕೊಂಡು ನೋಡಿದೆ. ದೊಡ್ಡದೇನಲ್ಲ, ಸರ್ವರಿನಲ್ಲಿ ಜಾಗ ತುಂಬಿಹೋಗಿತ್ತು. ಬೇಡದ್ದನ್ನೆಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ತಡೆದು ನಿಂತಿದ್ದ ಕೋರಿಕೆಗಳು ಒಂದರ ಹಿಂದೊಂದು ಹೊರಟವು, ಕರು ಸಿಕ್ಕಿಕೊಂಡದ್ದು ಮೊದಲು. ಹೊರಟೆ ಎಂದು ಡಾಕ್ಟರಿಂದ ಉತ್ತರ ಬರುವವರೆಗೂ ಕಾದೆ.

ಹೊರಗೆ ಬಂದು ಯಜಮಾನರ ಮುಖ ನೋಡಿ ತಲೆ ಆಡಿಸಿದೆ. ಆಮೇಲೆ ಅಕ್ಕನನ್ನು ಎತ್ತಿದರು.